ಎರಡೂಕಾಲು ಮೈನಸ್

ಕುತಾಯಿಸಿ ಪೇಟೆಯ ಚೀಸ್ ಅಂಗಡಿಯಲ್ಲಿ
ಮೂವತ್ತೊಂದು ವರ್ಷ ಲೆಕ್ಕ ಬರೆದ ನಾಜಿಬ್ರೋಲಾ
ಕನ್ನಡಕದ ಚೀಟಿ ಹಿಡಿದು ಕೇಳಿದಳು:
ಎರಡೂಕಾಲು ಮೈನಸ್. ಯಾರಿಗೆ ಬಾಕಿ ನಾನು?

ಒತಿಯಾ ನಗಲಿಲ್ಲ. ಲೆನ್ಸು ಒರೆಸುತ್ತ ಹೇಳಿದ:
ಸಾಲವಲ್ಲಮ್ಮ. ನಿಮ್ಮ ಕಣ್ಣಲ್ಲಿ ಬೆಳಕಿಗೆ ಅವಸರ,
ಪರದೆ ಮುಟ್ಟುವ ಮೊದಲೇ ಕೂಡಿಬಿಡುತ್ತದೆ.
ತುಸು ಹಿಂದಕ್ಕೆ ದಬ್ಬಬೇಕು, ಅಷ್ಟೇ.

ಸಿಲಿಂಡರ್ ಅಂದರೆ?
ಬೀದಿದೀಪಕ್ಕೆ ಬಾಲ ಬರುತ್ತದಲ್ಲ, ಅದು.
ಆಕ್ಸಿಸ್ ನೂರ ಎಪ್ಪತ್ತು?
ಓರೆ ಯಾವ ಕಡೆಗೆ ಎಂಬ ಲೆಕ್ಕ.
ಕೆಳಗೆ, ಕೂಡಿಸು ಎರಡು?
ಅವನು ಗೋಡೆಯ ಕ್ಯಾಲೆಂಡರ್ ನೋಡಿದ.
ಅವಳಿಗೆ ತಿಳಿಯಿತು.

ಉಳಿದದ್ದು ಅರವತ್ತೊಂದು.
ಮೂಗಿನ ಮೇಲೆ ಅಡಿಪಟ್ಟಿ ಇಟ್ಟು
ಪಾಪೆಯಿಂದ ಪಾಪೆಗೆ ಅಳೆದ ಮಿಲಿಮೀಟರು.
ಆಗ ಅವನ ಉಸಿರಲ್ಲಿ ಹಸಿರು ಸೋಡಾದ ವಾಸನೆ.
ಗುರಾಮ್ ಹೋದಮೇಲೆ ಯಾರೂ
ಅಷ್ಟು ಹತ್ತಿರ ಬಂದಿರಲಿಲ್ಲ.

ಬಸ್‌ಸ್ಟಾಪಿನಲ್ಲಿ ನಿಂತು, ರೂಢಿಬಲದಿಂದ
ಎಲ್ಲವನ್ನೂ ಕೂಡಿದಳು, ಕಳೆದಳು.
ತಾಳೆಯಾಗಲಿಲ್ಲ.
ಬಂದ ಬಸ್ಸಿನ ನಂಬರು ಇನ್ನೂ ಮಸುಕು;
ಪಕ್ಕದ ಹುಡುಗನನ್ನು ಕೇಳಿ ಹತ್ತಿದಳು.
ಕನ್ನಡಕ ಸಿಗುವುದು ಶುಕ್ರವಾರ.