ಯಾರಿಗೆ ಹಾನಿಯಾಗಬಹುದು

ಮೂರೂವರೆಗೆಲ್ಲ ಇಲ್ಲಿ ಕತ್ತಲು.
ಡಿಸೆಂಬರಿನ ಡಂಡಿ, ಪರ್ತ್ ರೋಡಿನ ಇಳಿಜಾರು,
ಕೆಳಗೆ ಟೇ ನದಿ, ನದಿಯೋ ಕಡಲೋ ಅದಕ್ಕೇ ಗೊತ್ತಿಲ್ಲ.
ನನ್ನದಿನ್ನೂ ಮಧ್ಯಾಹ್ನದ ಊಟ ಆಗಿಲ್ಲ.

ಬೆಳಿಗ್ಗೆ ಬೇಕರಿಯಲ್ಲಿ ನಾಲ್ಕು ತಾಸು,
ತಟ್ಟೆ, ತಟ್ಟೆ, ಹಿಟ್ಟು ಮೆತ್ತಿದ ತಟ್ಟೆ.
ವಾರಕ್ಕೆ ಇಪ್ಪತ್ತೇ ತಾಸೆಂದು ವೀಸಾ ಎಣಿಸುತ್ತದೆ,
ನಾನೂ ಎಣಿಸುತ್ತೇನೆ.
ಆಮೇಲೆ ಲೈಬ್ರರಿ. ಎರಡನೇ ಅಧ್ಯಾಯದಲ್ಲಿ
ಮೊನ್ನೆ ಬರೆದ ಪ್ಯಾರಾ ಇವತ್ತು ಅಳಿಸಿದೆ.
ಅದಕ್ಕೂ ಕೆಲಸವೆಂದೇ ಹೆಸರು.

ನನ್ನ ಪಿಎಚ್‌ಡಿ ಗೋಣಿಚೀಲದ ಮೇಲೆ.
ಈ ಊರ ತುಂಬ ಒಂದು ಕಾಲಕ್ಕೆ ಸೆಣಬಿನ ಗಿರಣಿ;
ಈಗ ಕೆಲವು ಫ್ಲ್ಯಾಟು, ಒಂದು ಜಿಮ್ಮು,
ಟಿಕೆಟ್ಟು ಕೊಂಡವರಿಗಷ್ಟೇ ಸದ್ದು ಮಾಡುವ ಮಗ್ಗ.
"ಚೀಲದ ಮೇಲೂ ಡಾಕ್ಟರ್ ಆಗಬಹುದೇ?"
ಎಂದಳು ಮನೆಯೊಡತಿ ಮೋರಾಗ್, ನಗದೆ.
ಬ್ಯಾಡಗಿಯ ಅತ್ತೆ ಫಕೀರವ್ವನದೂ ಅದೇ ಮಾತು:
"ಚೀಲಾ ಹೊಲಿಯಾಕ ಅಷ್ಟ್ ದೂರ ಹೋಗ್ಬೇಕೇನs?"

ಆದರೂ ಆರು ಚೀಲ ಕಳಿಸಿದಳು,
ಒಂದು ಸುಗ್ಗಿ ಮೆಣಸಿನಕಾಯಿ ಹೊತ್ತು ಬರಿದಾದವು,
ಜೊತೆಗೊಂದು ದಬ್ಬಣ, ಕಟಕ ರೊಟ್ಟಿಯ ನಡುವೆ ಮುಚ್ಚಿ.
ಪಾರ್ಸೆಲ್ಲಿನ ಖರ್ಚು ಚೀಲದ ಬೆಲೆಯ ನಲವತ್ತು ಪಟ್ಟು.
ಸ್ಟುಡಿಯೋದಲ್ಲಿ ಮೊದಲನೆಯದನ್ನು ಕೊಡವಿದ್ದೇ ತಡ
ಟೆಕ್ನೀಷಿಯನ್ ಗಾರ್ಡನ್ ಸೀನಿದ,
ಪಕ್ಕದ ಕೋಣೆಯ ಕುಂಬಾರಿಕೆಯವಳು ಸೀನಿದಳು,
ಆಮೇಲೆ ಇಡೀ ಕಾರಿಡಾರು.
ಕೆಂಪು ಧೂಳು ಟ್ಯೂಬ್‌ಲೈಟಿನ ಕೆಳಗೆ
ನಿಧಾನ ಕುಂತಿತು, ಕಾಲು ತೊಳೆದ ಬೀಗರ ಹಾಗೆ.
ನನಗೆ ಮಾತ್ರ ಸೀನು ಬರಲಿಲ್ಲ.
ಮೂಗಿಗೆ ಗುರುತು ಸಿಕ್ಕಿತ್ತು.

ಅದಕ್ಕೇ ಈ ಫಾರಮ್ಮು. ನಾಳೆ ಒಂಬತ್ತಕ್ಕೆ ಕೊಡಬೇಕು,
ಇಲ್ಲವೆಂದರೆ ಕೋಣೆಗೆ ಬೀಗ.
ವಸ್ತು? ಮೆಣಸಿನಕಾಯಿಯ ಧೂಳು, ಅಂದಾಜು ಎರಡು ಚಮಚ.
ಅಪಾಯ? ಸೀನು. ಕಣ್ಣುರಿ.
ಮುನ್ನೆಚ್ಚರಿಕೆ? ಕೈಗವಸು, ಮಾಸ್ಕು, ತೆರೆದ ಕಿಟಕಿ.
(ಕಿಟಕಿ ತೆರೆದರೆ ನದಿಯ ಗಾಳಿಗೆ ಕಾಗದವೆಲ್ಲ ಹಾರುತ್ತವೆ.
ಅದಕ್ಕೆ ಬೇರೆ ಫಾರಮ್ಮು.)
ಯಾರಿಗೆ ಹಾನಿಯಾಗಬಹುದು?
ನನಗೆ. ಗಾರ್ಡನ್‌ಗೆ. ಭೇಟಿಗೆ ಬಂದವರಿಗೆ.
ಸಾಲಿನಲ್ಲಿ ಇನ್ನೂ ಜಾಗ ಉಳಿಯಿತು.

ಮಾರ್ಕೆಟ್ಟಿನ ತಗಡಿನ ಶೆಡ್ಡು,
ಮೂಗಿಗೆ ಸೆರಗು ಬಿಗಿದು ತೊಟ್ಟು ಬಿಡಿಸುವವರ ಸಾಲು,
ರಾತ್ರಿ ಮಜ್ಜಿಗೆಯ ಬೋಗುಣಿಯಲ್ಲಿ ಅದ್ದಿದ
ಫಕೀರವ್ವನ ಎರಡೂ ಕೈ.
ಕೂಸನ್ನು ಮುಟ್ಟುವ ಹಾಗಿಲ್ಲ,
ತೊಟ್ಟಿಲನ್ನು ಮೊಣಕೈಯಿಂದ ತೂಗುತ್ತಿದ್ದಳಂತೆ.
ತೊಟ್ಟಿಲಲ್ಲಿ ನಾನಂತೆ.

ಮೋರಾಗ್‌ಳ ಅಜ್ಜಿ ಹದಿಮೂರಕ್ಕೇ ಗಿರಣಿ ಸೇರಿದವಳು.
ಮಗ್ಗದ ಗದ್ದಲಕ್ಕೆ ಕಿವಿ ಹೋಗಿ
ಮನೆಯಲ್ಲೂ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು;
ಬೆನ್ನು ತಿರುಗಿಸಿ ಯಾರೇ ಅಂದದ್ದೂ
ಅವಳ ಪಾಲಿಗೆ ಅಂದಂತಲ್ಲ.

ಇಬ್ಬರ ಹೆಸರನ್ನೂ ಬರೆದೆ. ಹೊಡೆದು ಹಾಕಿದೆ.
ಆಫೀಸಿನವರು ಮೀಟಿಂಗಿಗೆ ಕರೆದಾರು.
ಹೊಡೆದದ್ದರ ಕೆಳಗೆ ಅಕ್ಷರ ಕಾಣುತ್ತದೆ. ಕಾಣಲಿ.

ನಾಡಿದ್ದು ಗೈಡ್ ಐಲ್ಸಾ ಮತ್ತೆ ಕೇಳುತ್ತಾಳೆ,
ನಿನ್ನ ಸಂಶೋಧನೆಯ ಪ್ರಶ್ನೆ ಯಾವುದು?
ಮೂರು ವರ್ಷಕ್ಕೆ ಮೂರು ಕೊಟ್ಟಿದ್ದೇನೆ,
ಮೂರರ ಅಂಚಿಗೂ ಅವಳ ಪೆನ್ಸಿಲ್ಲು.
ಈ ಫಾರಮ್ಮಿನ ಪ್ರಶ್ನೆಯನ್ನೇ
ನಕಲು ಮಾಡಿಕೊಟ್ಟರೆ ಏನನ್ನುತ್ತಾಳೋ.

ರೊಟ್ಟಿಯ ಚೂರು ಬಾಯಿಗೆ ಹಾಕಿಕೊಂಡು
ದಬ್ಬಣಕ್ಕೆ ಹುರಿ ಪೋಣಿಸಿದೆ.
ಅತ್ತೆ ಹೊಲಿದ ಹಳೆಯ ತೂತುಗಳಲ್ಲೇ
ಒಂದೊಂದಾಗಿ ಹೋಗಿ ಬರುತ್ತಿದ್ದೆ, ಎಷ್ಟು ಹೊತ್ತೋ,
ಮರೆತು ಕಣ್ಣು ಉಜ್ಜಿಕೊಂಡೆ.

ಕೈಗವಸು ಹಾಕಿರಲಿಲ್ಲ.

ಸಿಂಕಿನ ಮುಂದೆ ಬಗ್ಗಿ ನಿಂತಿದ್ದಾಗ
ಗಾರ್ಡನ್ ಹಾಲಿನ ಡಬ್ಬಿ ತಂದು ಪಕ್ಕಕ್ಕಿಟ್ಟ.
"ಇದನ್ನೂ ಬರೆಯಬೇಕಾಗುತ್ತದೆ," ಎಂದ,
ಇನ್ನೊಂದು ಫಾರಮ್ಮು ಹುಡುಕುತ್ತ,
ಸೀನುತ್ತ.