ಇಪ್ಪತ್ತು ಅಂಕಕ್ಕೆ

ವಾಸ್ಕೋದ ಕನ್ನಡ ಶಾಲೆ, ಒಂಬತ್ತನೆಯ ತರಗತಿ.
ಫ್ಯಾನಿನ ಮೂರು ರೆಕ್ಕೆಯಲ್ಲಿ ಒಂದು ಬಾಗಿದೆ.
ಬಂದರಿನ ಕಲ್ಲಿದ್ದಲ ಪುಡಿ ಕಿಟಕಿ ದಾಟಿ
ಹಾಜರಿ ಪುಸ್ತಕದ ಮೇಲೂ ಕೂತಿದೆ.

ಗ್ರೀಕರ ಹಳೆಯ ಕಾವ್ಯ ಹೇಳಿ ಮುಗಿಸಿದ್ದೆ, ಹದಿನೆಂಟು ದಿನ:
ಯುದ್ಧ ಗೆದ್ದವನು ಮನೆ ಸೇರಲು ಹತ್ತು ವರ್ಷ ಅಲೆದದ್ದು,
ಹನ್ನೆರಡು ಹಡಗು ಹೊರಟು ಒಂದೂ ಮರಳದ್ದು.
"ಬರೆಯಬೇಡಿ," ಅಂದೆ, "ಏನಾದರೂ ಮಾಡಿ ತನ್ನಿ. ಇಪ್ಪತ್ತು ಅಂಕ."

ಮೊದಲು ಬಂದದ್ದೆಲ್ಲ ಥರ್ಮೋಕೋಲು.
ಒಕ್ಕಣ್ಣ ದೈತ್ಯರೇ ನಾಲ್ಕು ಮಂದಿ,
ಮೂವರಿಗೆ ಒಂದೇ ಅಂಗಡಿಯ ಚೆಂಡಿನ ಕಣ್ಣು.

ಹುಲಿಗೆಪ್ಪ ತಂದದ್ದು ಬರೀ ನೋಟುಬುಕ್ಕು.
ಜುವಾರಿಯ ದಂಡೆಗುಂಟ ನಡೆದು ಎಣಿಸಿದ್ದನಂತೆ,
ಅದಿರು ನಿಂತ ಮೇಲೆ ಕಟ್ಟಿಹಾಕಿದ ಬಾರ್ಜುಗಳನ್ನು.
ಹನ್ನೆರಡರ ಹೆಸರು, ಬಣ್ಣ,
ತುಕ್ಕು ಎಲ್ಲಿಯವರೆಗೆ ಏರಿದೆ ಎಂಬ ಲೆಕ್ಕ,
ಅಪ್ಪ ಯಾವುದರಲ್ಲಿ ದುಡಿಯುತ್ತಿದ್ದ ಎಂಬುದಕ್ಕೆ ಒಂದು ಚುಕ್ಕೆ.
ಕೊನೆಗೆ: "ಇವು ಹೋಗೇ ಇಲ್ಲ ಟೀಚರ್, ಬರೂದು ಎಲ್ಲಿಂದ?"
ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಕಾಗುಣಿತವನ್ನಷ್ಟೇ ತಿದ್ದಿದೆ.

ಅನಸೂಯಾ ಲಮಾಣಿ ಬಿಡಿಸಿಟ್ಟಳು ಅಜ್ಜಿಯ ಲಂಗ, ಅರ್ಧ ಬಿಚ್ಚಿದ್ದು.
ಕಾವ್ಯದ ರಾಣಿ ಹಗಲು ನೇಯ್ದು ಇರುಳು ಬಿಚ್ಚಿದಳಲ್ಲ,
ಬೇಡದ ಗಂಡುಗಳನ್ನು ಬಾಗಿಲಲ್ಲೇ ನಿಲ್ಲಿಸಲು.
"ನಮ್ಮವ್ವನೂ ರಾತ್ರಿ ಬಿಚ್ಚತಾಳ್ರಿ. ಕನ್ನಡಿ ತಗದು ಚೀಲಕ್ಕ ಹಚ್ಚತಾಳ,
ಕಲಂಗುಟ್ ಬೀಚಿನಾಗ ಮುನ್ನೂರಕ್ಕೊಂದು.
ಹೊಸ ಕನ್ನಡಿ ಅವರಿಗೆ ಬ್ಯಾಡ, ಹಳೇದೇ ಬೇಕು."
ಕಿತ್ತ ಜಾಗಗಳಲ್ಲಿ ಸೂಜಿಯ ತೂತುಗಳ ಉಂಗುರ;
ಅಲ್ಲಿ ಮಾತ್ರ ಬಟ್ಟೆಯ ಕೆಂಪು ಇನ್ನೂ ಹೊಸದು.

ಪೀರಸಾಬ ನದಾಫ ಯಾವಾಗಲೂ ಬರಿಗೈಲಿ ಬರುವವನು.
ಶುಕ್ರವಾರ ಬಾಗಿಲಲ್ಲಿ ಮೊದಲು ಕಂಡದ್ದು ಅವನಲ್ಲ,
ಅವನಿಗಿಂತ ಎರಡು ಗೇಣು ಉದ್ದದ ಬಿಲ್ಲು.
ಅಜ್ಜ ಅರಳೆ ಹಿಂಜುತ್ತಿದ್ದದ್ದು. ನರದ ಹೆದೆ ಜೋತಿತ್ತು.
ಯಾರೂ ಹೆದೆಯೇರಿಸಲಾರದ ಬಿಲ್ಲಿನ ಕಥೆ ನಾನೇ ಹೇಳಿದ್ದೆನಲ್ಲ,
"ಏರಸ್ರಿ ನೋಡೋಣು," ಅಂದ.

ಕಬಡ್ಡಿ ತಂಡದ ಐವರು ಸೋತರು.
ಪಿ.ಟಿ. ಮೇಷ್ಟ್ರ ಅಂಗಿಯ ಗುಂಡಿ ಹಾರಿತು.
"ಇದೆಲ್ಲ ಪಠ್ಯದಲ್ಲಿದೆಯೇ?" ಎನ್ನುತ್ತಲೇ ಹೆಡ್ಮಾಸ್ತರರು
ಒಮ್ಮೆ ಎಳೆದು, ಬೆರಳು ಚೀಪಿಕೊಂಡರು.

ಜುಮ್ಮಾ ನಮಾಜು ಮುಗಿಸಿ ಅಜ್ಜ ಬಂದ,
ಕೇಳದೆ ಒಯ್ದ ಬಿಲ್ಲು ಹುಡುಕುತ್ತ, ಬೈಯುತ್ತ.
ಮೊಣಕಾಲು ಕೊಟ್ಟ. ಏರಿತು.
ಅಂಗಿ ತೊಟ್ಟಷ್ಟು ಸುಲಭ.
ಬೆರಳಿಂದ ಒಮ್ಮೆ ಮೀಟಿದ,
ನಲವತ್ತು ಮಂದಿ ಸುಮ್ಮನಾದೆವು.

"ಅರಳಿ ಎಲ್ಲೈತಿ?"
ಹೆಡ್ಮಾಸ್ತರರ ಕುರ್ಚಿಯ ದಿಂಬು ಬಿಚ್ಚಿದೆವು.
ವರ್ಷಗಟ್ಟಲೆ ಕೂತ ಹತ್ತಿ, ಹೆಂಟೆ ಹೆಂಟೆ.
ಠೊಂಯ್, ಠೊಂಯ್... ಬೋರ್ಡಿನೆತ್ತರ ಬಿಳಿ ಎದ್ದಿತು.
ಫ್ಯಾನು ಆರಿಸಿ ಎಂದು ಯಾರೋ ಕೂಗುವಷ್ಟರಲ್ಲಿ
ಇಡೀ ತರಗತಿಯ ತಲೆ ನರೆತಿತ್ತು.

ಬಿಲ್ಲಿಗೊರಗಿ ಅಜ್ಜ ಕಥೆ ಕೇಳಿದ, ಪೂರ್ತಿ.
ಬಿಲ್ಲಿನಿಂದ ಕೊಂದದ್ದಕ್ಕೆ ಏನೂ ಅನ್ನಲಿಲ್ಲ.
ನಿಂತ ಮರವನ್ನು ಬೇರು ಕೀಳದೆ ಕೆತ್ತಿ ಮಾಡಿದ ಮಂಚ,
ಅದರ ಗುಟ್ಟು ಹೇಳಿದ ಮೇಲೆಯೇ ಹೆಂಡತಿ ಅವನನ್ನು ಒಪ್ಪಿದಳು
ಎಂದಾಗ ಮಾತ್ರ ಕೈ ಎತ್ತಿ ತಡೆದ:

"ಮಂಚ ಆತು. ಗಾದಿ?
ಇಪ್ಪತ್ತು ವರ್ಷ ಒಬ್ಬಾಕಿ ಮಲಗಿದ್ದು,
ಅರಳಿ ಒಂದ ಮಗ್ಗಲಿಗೆ ಕುಂತಿರತೈತಿ.
ಇಬ್ಬರಿಗೆ ಸಮ ಆಗಬೇಕಂದ್ರ ಮತ್ತ ಹಿಂಜಬೇಕು.
ಯಾರು ಹಿಂಜಿದ್ರು?"

ಆ ರಾತ್ರಿ ಪುಸ್ತಕ ತೆಗೆದು ಹುಡುಕಿದೆ. ಇಲ್ಲ.
ಪೀರಸಾಬನ ಹೆಸರಿನ ಮುಂದೆ ಅಂಕ ಇನ್ನೂ ಹಾಕಿಲ್ಲ.

ಸೋಮವಾರ ಹೆಡ್ಮಾಸ್ತರರು
ಕುರ್ಚಿಯಲ್ಲಿ ಒಂದು ಗೇಣು ಮೇಲೆ ಕೂತಿದ್ದರು,
ಕಾಲು ನೆಲಕ್ಕೆ ತಾಗದೆ.