ಇಸು

ಮುನ್ನೂರೆರಡು ಹೋಗಿ ನೂರಾ ಮೂರು ಬಂದಿದೆ.
ನನ್ನ ಬೆರಳುಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.
ಮಾರಿದ ಮನೆಗೇ ಸಂಜೆ ಮರಳುವ ಎಮ್ಮೆಯಂತೆ
ಮೂರರ ಕೀಲಿಯ ಮುಂದೆ ಹೋಗಿ ನಿಲ್ಲುತ್ತವೆ.

ಹಾವೇರಿ ಕೋರ್ಟು. ಸಾಕ್ಷಿ ನಂಬರ್ ನಾಲ್ಕು, ಮಾಬೂಬಿ,
ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಚಹಾ ಮಾರುವಾಕೆ.
ಹೇಳುವುದು ಆಕೆ, ಬರೆಸುವುದು ಸಾಹೇಬರು, ಬಡಿಯುವುದು ನಾನು.
"ದ್ಯಾಮಣ್ಣ ಎರಡ ಕಪ್ ಚಾ ಕುಡದು ನಕ್ಕೋತ ನಿಂತಿದ್ದರಿ."
ಹಾಳೆಯ ಮೇಲೆ:
ಸದರಿ ಮೃತನು ಎರಡು ಕಪ್ ಚಹಾ ಕುಡಿದು ನಗುತ್ತಾ ನಿಂತಿದ್ದನು.

ಹಿಂದಿನ ದಿನ ಆರೋಪಿ ಗುಡದಪ್ಪ
ಕಡಿದು ಹಾಕುತ್ತೇನೆ ಅಂದದ್ದು ನಿಜವೇ?
"ಅಂದಿದ್ದರಿ. ನಾನೂ ನನ್ನ ಮೊಮ್ಮಗಗ ದಿನಾ ಅಂತೇನಿ,
ಊಟಕ್ಕ ಕರಿಯೂ ಮುಂದ."
ಕೊಕ್ಕೆಯನ್ನು ಎಲ್ಲಿಂದ ತಂದ?
"ತರೂದೇನ್ರಿ, ಹಮಾಲಗ ಅದು ಆರನೇ ಬಟ್ಟಿದ್ದಂಗ."
ಹೊಡೆದ ಮೇಲೆ ಅತ್ತನೇ?
"ಆ ಪ್ಯಾಟ್ಯಾಗ ಎಲ್ಲಾರ ಕಣ್ಣಾಗೂ ನೀರ ಇರತಾವ್ರಿ."

ಹಾಗಾದರೆ ಅವನ ಬೆನ್ನ ಮೇಲಿದ್ದ ಚೀಲ?

ನಲವತ್ತು ವರ್ಷದ ಖಾರದ ಧೂಳು ಒಮ್ಮೆಲೇ ಕೆಮ್ಮಾಗಿ ಎದ್ದಿತು.
ಇಳಿಸಿದ ಎಂದಳೋ
ಇಳೀತು ಎಂದಳೋ.

ಇಳಿಸಿದ್ದರೆ ಅವನಿಗೆ ಹೊತ್ತಿತ್ತು,
ಸೊಂಟ ಬಗ್ಗಿಸಿ, ಒಂದು ಕಾಯಿಯೂ ಮುರಿಯದಂತೆ
ಚೀಲವನ್ನು ನೆಲಕ್ಕೆ ಮುಟ್ಟಿಸುವಷ್ಟು ಹೊತ್ತು.
ಅಷ್ಟರಲ್ಲಿ ಸಿಟ್ಟು ಆರಬಹುದಿತ್ತು. ಆರದಿದ್ದರೆ
ಅದಕ್ಕೆ ಉದ್ದೇಶ ಎನ್ನುತ್ತಾರೆ, ಆಗ ಅದು ಕೊಲೆ.
ತಾನಾಗಿ ಇಳಿದು, ಒಡೆದು, ಕೆಂಪಗೆ ಚೆಲ್ಲಿದ್ದರೆ
ಕೊಲೆಯಲ್ಲದ ನರಹತ್ಯೆ.
ಮಗಳ ಮದುವೆಗಾದರೂ ಸಿಕ್ಕಾನು.

ಗುತ್ತಲದ ಶಾಲೆಯಲ್ಲಿ ಹೆಬಸೂರ ಮಾಸ್ತರರು
ಕೋಲಿನಿಂದ ಹಲಗೆ ಕುಟ್ಟಿ ಕಲಿಸಿದ್ದರು.
ಇಳಿ, ಇಳಿಸು. ಮಲಗು, ಮಲಗಿಸು.
ಇಸು ಹಚ್ಚಿದರೆ ಕ್ರಿಯೆಯ ಹಿಂದೆ
ಮಾಡಿಸುವವನೊಬ್ಬ ಬಂದು ನಿಲ್ಲುತ್ತಾನೆ, ತಿಳೀತೇನು?
ತಿಳೀತ್ರಿ ಸರ್! ಮೂವತ್ತು ಹುಡುಗಿಯರು ರಾಗ ಎಳೆದೆವು:
ಸಾಯು, ಸಾಯಿಸು.
ಶಭಾಷ್ ಅಂದಿದ್ದರು.

"ಇನ್ನೊಮ್ಮೆ ಹೇಳಮ್ಮಾ," ಎಂದರು ಸಾಹೇಬರು.
ಫ್ಯಾನು ತಿರುಗುತ್ತಿತ್ತು. ಕಟಕಟೆಯಲ್ಲಿ ಗುಡದಪ್ಪ
ಬಲಗೈಯ ಬೆರಳು ಮಡಚಿ ಏನೋ ಹಿಡಿದವನಂತೆ ನಿಂತಿದ್ದ,
ಕೈ ಖಾಲಿಯಿತ್ತು.
"ಹೆಂಗ ಹೇಳಲ್ರಿ, ಹಾಲು ಉಕ್ಕತಾವಂತ ಒಲಿ ನೋಡಾಕತ್ತಿದ್ದೆ.
ಹೊಳ್ಳಿ ನೋಡೂದ್ರಾಗ ಆಗಿಹೋಗಿತ್ತು."
ಆಗಿಹೋಗಿತ್ತು ಎಂದು ಬಡಿದೆ.
ಆ ಕ್ರಿಯಾಪದದ ಹಿಂದೆ ಯಾರೂ ನಿಂತಿರಲಿಲ್ಲ.

ಸಂಜೆ ಮೆಟ್ಟಿಲ ಮೇಲೆ ಫಕ್ಕೀರವ್ವ ತಡೆದಳು.
ಪಕ್ಕದಲ್ಲೇ ಗುಡದಪ್ಪನ ಹೆಂಡತಿ,
ಇಬ್ಬರೂ ಒಂದೇ ಊರು, ಬರುವ ಬಸ್ಸೂ ಒಂದೇ.
"ಬಾಯಾರ, ಅಷ್ಟೊತ್ತನ ಬಡದ್ರಿ,
ನಮ್ಮನಿಯವ್ರ ಹೆಸರು ಎಲ್ಲೆರ ಬರದೀರೇನು?"
ಗಂಡನ ಹೆಸರು ಆಕೆ ಬಾಯಿಬಿಟ್ಟು ಹೇಳುವವಳಲ್ಲ.
ಹಾಳೆಗಳನ್ನು ನೆನೆದೆ. ಹನ್ನೊಂದು ಪುಟ, ಸದರಿ ಮೃತ, ಸದರಿ ಮೃತ.
"ಬರದೇನವ್ವಾ," ಅಂದೆ,
"ಮೊದಲಿಗೆ ಒಂದ ಸಲ."